ನಿಮ್ಮ ಚಕ್ರವರ್ತಿಗೆ ಸಾಲವೇ ಇಲ್ಲವಲ್ಲ!

ಮಾನ್ಯರೇ,

ಪವಿತ್ರ ರೋಮನ್ ಸಾಮ್ರಾಜ್ಯದ ಐದನೇ ಚಾರ್ಲ್ಸ್ ಚಕ್ರವರ್ತಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

1500ರಲ್ಲಿ ಗೆಂಟ್ ನಗರದಲ್ಲಿ ಹುಟ್ಟಿದ, 1516ರಲ್ಲಿ ಸ್ಪೇನಿನ ದೊರೆಯಾದ, 1519ರಲ್ಲಿ ಚಕ್ರವರ್ತಿಯಾಗಿ ಆಯ್ಕೆಯಾದ, 1525ರಲ್ಲಿ ಇಟಲಿಯ ಪಾವಿಯಾ ಕದನ ಗೆದ್ದ... ಹೀಗೆಯೇ ಪುಟಗಳು ಉರುಳುತ್ತವೆ. ಇಸವಿಗಳೆಲ್ಲ ಸರಿ, ಮನುಷ್ಯ ಮಾತ್ರ ಎಲ್ಲೂ ಕಾಣುವುದಿಲ್ಲ. ಕಂಡ ಒಂದು ಕಡೆಯೂ ತಪ್ಪು. ಪಾವಿಯಾದಲ್ಲಿ ಫ್ರಾನ್ಸಿನ ದೊರೆ ಸೆರೆಸಿಕ್ಕಾಗ ಚಾರ್ಲ್ಸ್ ಸ್ಪೇನಿನಲ್ಲಿದ್ದ. ನೀವು ಅವನನ್ನು ಕುದುರೆ ಹತ್ತಿಸಿ ರಣರಂಗಕ್ಕೆ ಇಳಿಸಿಬಿಟ್ಟಿದ್ದೀರಿ. ಟಿಷಿಯನ್ ಬರೆದ ಚಿತ್ರ ನಿಮ್ಮ ಕಣ್ಣಲ್ಲಿತ್ತೇನೋ. ಅದು 1547ರಲ್ಲಿ ಜರ್ಮನಿಯ ಮ್ಯೂಲ್‌ಬರ್ಗ್‌ನಲ್ಲಿ ಪಡೆದ ಗೆಲುವಿನದು.

‘ಚುನಾವಣೆಗಾಗಿ ಸ್ವಲ್ಪ ಸಾಲ ಮಾಡಿದ್ದನಂತೆ’ ಎಂದು ಒಂದು ವಾಕ್ಯ ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ. ಸ್ವಲ್ಪವಲ್ಲ ಸ್ವಾಮಿ, ಚಕ್ರವರ್ತಿಯನ್ನು ಆರಿಸುವ ಏಳು ಮಂದಿ ಮತದಾರ ಅರಸರನ್ನು ಒಲಿಸಿಕೊಳ್ಳಲು ಸುಮಾರು 8.5 ಲಕ್ಷ ಫ್ಲೋರಿನ್ ಚಿನ್ನದ ನಾಣ್ಯ ಸುರಿದಿದ್ದ. ಅದರಲ್ಲಿ 5 ಲಕ್ಷಕ್ಕೂ ಮಿಕ್ಕಿದ್ದು ಆಗ್ಸ್‌ಬರ್ಗ್‌ನ ಸಾಹುಕಾರ ಯಾಕೊಬ್ ಫುಗ್ಗರ್‌ನದು. ನಾನಿಲ್ಲದಿದ್ದರೆ ನಿಮಗೆ ಕಿರೀಟ ಸಿಗುತ್ತಿರಲಿಲ್ಲ ಎಂದು 1523ರಲ್ಲಿ ಆತ ಚಕ್ರವರ್ತಿಗೇ ಪತ್ರ ಬರೆದು ಬಾಕಿ ಕೇಳಿದ. ಈ ದಾರ ಹಿಡಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. 1527ರಲ್ಲಿ ರೋಮ್ ಸೂರೆಯಾಯಿತಲ್ಲ, ‘ಚಾರ್ಲ್ಸ್‌ನ ಆಜ್ಞೆಯಂತೆ’ ಎಂದಿದ್ದೀರಿ. ಅವನು ಅಂಥ ಆಜ್ಞೆ ಕೊಟ್ಟಿರಲಿಲ್ಲ. ಸಂಬಳ ಕಾಣದ ಅವನದೇ ಸೈನಿಕರು ತಿರುಗಿಬಿದ್ದು ನುಗ್ಗಿದ್ದರು. ಅಮೆರಿಕದ ಬೆಳ್ಳಿ ಸ್ಪೇನಿನ ಸೆವಿಲ್ಲೆ ಬಂದರಿನ ದಂಡೆ ಮುಟ್ಟುವ ಮೊದಲೇ ಸಾಲಕ್ಕೆ ಅಡವಾಗಿರುತ್ತಿತ್ತು. ಮಗ ಫಿಲಿಪ್ ಪಟ್ಟಕ್ಕೆ ಬಂದು, 1557ರಲ್ಲಿ ಸಾಲ ತೀರಿಸಲಾರೆನೆಂದು ಕೈಯೆತ್ತಿದ.

‘ಕಟ್ಟಾ ಕ್ಯಾಥೊಲಿಕ್’ ಎಂಬ ವಿಶೇಷಣ ಮತ್ತೆ ಮತ್ತೆ ಬರುತ್ತದೆ. ಇರಬಹುದು, ಆದರೆ ಆ ಕಟ್ಟಾ ಕ್ಯಾಥೊಲಿಕ್‌ನ ಸೇನೆಗೆ ಹೆದರಿ ಪೋಪ್ ಏಳನೇ ಕ್ಲೆಮೆಂಟ್ ಕೋಟೆಯೊಳಗೆ ಅಡಗಿದ್ದ, ಮೂರು ವರ್ಷದ ನಂತರ ಬೊಲೋನಾದಲ್ಲಿ ಅವನಿಗೇ ಕಿರೀಟ ತೊಡಿಸಿದ. ಮ್ಯೂಲ್‌ಬರ್ಗ್‌ನಲ್ಲಿ ಪ್ರೊಟೆಸ್ಟಂಟ್ ಅರಸರ ವಿರುದ್ಧ ಚಾರ್ಲ್ಸ್‌ನ ಪಕ್ಕದಲ್ಲಿ ಕಾದಿದ ಸ್ಯಾಕ್ಸನಿಯ ಮೋರಿಟ್ಸ್ ಸ್ವತಃ ಪ್ರೊಟೆಸ್ಟಂಟ್ ಪಂಥದ ಮೂಲಪುರುಷ ಲೂಥರನ ಅನುಯಾಯಿ. 1552ರಲ್ಲಿ ಅದೇ ಮೋರಿಟ್ಸ್ ಅವನನ್ನು ಇನ್ಸ್‌ಬ್ರುಕ್‌ನಿಂದ ಓಡಿಸಿದ. ಇಷ್ಟು ಬರೆದರೆ ವಿಶೇಷಣದ ಹಂಗೇ ಬೇಡ.

ಕೊನೆಯ ಭಾಗದ ಬಗ್ಗೆ ನನ್ನ ತಕರಾರು ದೊಡ್ಡದು. ಪಟ್ಟ ಬಿಟ್ಟು ಸ್ಪೇನಿನ ಯುಸ್ಟೆಯ ಮಠಕ್ಕೆ ಹೋದವನನ್ನು ನೀವು ಬಾಹುಬಲಿ ಮಾಡಿಬಿಟ್ಟಿದ್ದೀರಿ. ರಾಜ ಸಿಂಹಾಸನ ತೊರೆದ ಎಂದೊಡನೆ ನಮ್ಮ ಲೇಖನಿಗೆ ವೈರಾಗ್ಯ ಉಕ್ಕುತ್ತದೆ! ಈತ ಗೆದ್ದು ಬಿಟ್ಟವನಲ್ಲ, ಸೋತು ದಣಿದವನು. ಫ್ರೆಂಚರ ಕೈಸೇರಿದ್ದ ಮೆಟ್ಸ್ ನಗರಕ್ಕೆ ಹಾಕಿದ ಮುತ್ತಿಗೆ ವಿಫಲವಾಗಿತ್ತು. 1555ರಲ್ಲಿ ಬ್ರಸೆಲ್ಸ್‌ನಲ್ಲಿ ಪದತ್ಯಾಗದ ಭಾಷಣಕ್ಕೆ ನಿಂತಾಗ ಆರೆಂಜ್‌ನ ವಿಲಿಯಂ ಎಂಬ ತರುಣನ ಹೆಗಲಿಗೆ ಒರಗಿಕೊಂಡಿದ್ದ. ಮಠದ ಪಕ್ಕ ಮನೆ ಕಟ್ಟಿಸಿಕೊಂಡು, ಪರಿವಾರ ಸಮೇತ ಇದ್ದ. ಗೌಟ್ ಎಂಬ ಕೀಲುನೋವಿನ ಬಾಧೆಯಿದ್ದರೂ ಮಾಂಸ, ಬಿಯರ್ ಬಿಡಲಿಲ್ಲ. ರಾಜ್ಯದ ಕಾಗದಪತ್ರಗಳು ಬರುತ್ತಲೇ ಇದ್ದವು. 1558ರಲ್ಲಿ, ಸಾಯುವ ಕೆಲವೇ ತಿಂಗಳ ಮುಂಚೆ, ಸ್ಪೇನಿನ ವಯ್ಯಾದೊಲಿದ್‌ನಲ್ಲಿ ಲೂಥರ್ ಪಂಥದವರು ಸಿಕ್ಕಿದ್ದಾರೆಂದು ತಿಳಿದು, ಕರುಣೆ ತೋರಬೇಡಿ ಎಂದು ಅಲ್ಲಿ ರಾಜ್ಯಭಾರ ನೋಡುತ್ತಿದ್ದ ಮಗಳಿಗೆ ಬರೆದ.

ಇನ್ನೊಂದು ಮಾತು. ತಾಯಿ ಹುವಾನಾಳನ್ನು ‘ಹುಚ್ಚಿ’ ಎಂದು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಆಕೆ 1555ರಲ್ಲಿ ಸಾಯುವವರೆಗೂ ಕಾಗದದ ಮೇಲೆ ಸ್ಪೇನಿನ ರಾಣಿ, ತೊರ್ದೆಸಿಯಾಸ್ ಊರಿನಲ್ಲಿ ಬಂದಿ, ಮೊದಲು ಕಾವಲಿಟ್ಟವನು ಅವಳ ತಂದೆ, ಮುಂದುವರಿಸಿದವನು ಮಗನೇ. ವಂಶಾವಳಿಯ ಪುಟವನ್ನು ಪೂರ್ತಿ ತೆಗೆದು ಆ ಜಾಗ ಅವಳಿಗೆ ಕೊಡಿ. ಶುರು ಮಾತ್ರ ಫುಗ್ಗರ್‌ನ ಪತ್ರದಿಂದಲೇ ಆಗಲಿ.

ಸಂಪಾದಕ