‘ಹಿಮ್ಮುಖಗೊಳಿಸಲಾಗುತ್ತದೆ’: ಯಾರು, ಯಾವ ಅಂಚು ಹಿಡಿದು?

ಮಾನ್ಯರೇ,

ಎರಡೂ ಮೈ ಒಂದೇ ಸಲಕ್ಕೆ ಅಚ್ಚಾಗುವ ಪುಟ್ಟ ಶೀಟ್‌ಫೆಡ್ ಆಫ್‌ಸೆಟ್ ಯಂತ್ರದ (ಬಿಡಿ ಹಾಳೆ ನುಂಗಿ, ಪ್ಲೇಟಿನ ಅಚ್ಚನ್ನು ರಬ್ಬರಿನ ಮೂಲಕ ಕಾಗದಕ್ಕೆ ದಾಟಿಸುವ ಯಂತ್ರ) ವಿನ್ಯಾಸವನ್ನು ಕುರಿತು ನೀವು ಕಳುಹಿಸಿದ ಹದಿನಾಲ್ಕು ಪುಟಗಳ ಲೇಖನ ತಲುಪಿತು, ಓದಿದೆ. ಲೆಕ್ಕ ಸರಿಯಿದೆ. ಕೈಯಲ್ಲೇ ಬಿಡಿಸಿದ ನಕ್ಷೆ ಅಚ್ಚುಕಟ್ಟಾಗಿದೆ. ಯಂತ್ರದ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ನೀವು ಬರೆದಿರಿ, ಸಂತೋಷ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ನಮಗೆ ಹೊಂದದ ಲೇಖನಕ್ಕೆ ನಾನು ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳುವವನು. ನಿಮ್ಮದನ್ನು ಮಾತ್ರ ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡು ಸಿಟ್ಟು ಮಾಡಿಕೊಂಡೆ. ನಿಮ್ಮ ಹೆಸರು ಬಿಟ್ಟು ಈ ಉತ್ತರವನ್ನು ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ, ಏಕೆಂದರೆ ಇದೇ ರೋಗ ನಮಗೆ ಬರೆಯುವ ಇನ್ನೂ ನಾಲ್ಕಾರು ಮಂದಿಗೆ ಇದೆ.

ಸಿಟ್ಟಿಗೆ ಕಾರಣ ಆರನೆಯ ಪುಟ. ಅಲ್ಲಿ ನೀವು ಬರೆದದ್ದು ಇಷ್ಟು: “ಮೊದಲ ಘಟಕದಲ್ಲಿ ಮುದ್ರಿತವಾದ ಹಾಳೆಯು ವರ್ಗಾವಣೆ ಸಿಲಿಂಡರಿನ ಮೂಲಕ ಸಾಗಿಸಲ್ಪಡುತ್ತದೆ. ನಂತರ ಅದನ್ನು ಹಿಮ್ಮುಖಗೊಳಿಸಲಾಗುತ್ತದೆ. ತದನಂತರ ಎರಡನೆಯ ಘಟಕದಲ್ಲಿ ಇನ್ನೊಂದು ಪಾರ್ಶ್ವದ ಮುದ್ರಣವನ್ನು ಸಾಧಿಸಲಾಗುತ್ತದೆ. ಈ ರೀತಿಯಾಗಿ ಸಮಯ ಮತ್ತು ಶ್ರಮದ ಉಳಿತಾಯವನ್ನು ಮಾಡಬಹುದಾಗಿದೆ.”

ಮೊದಲ ವಾಕ್ಯ. ‘ಸಾಗಿಸಲ್ಪಡುತ್ತದೆ.’ ಸಾಗಿಸುವವರು ಯಾರು? ಹಾಳೆಗೆ ಕಾಲಿಲ್ಲ. ಹಾಳೆಯ ಮುಂದಿನ ಅಂಚಿನ ಸುಮಾರು ಹತ್ತು ಮಿಲಿಮೀಟರ್ ಜಾಗವನ್ನು ಸಾಲಾಗಿ ನಿಂತ ಗ್ರಿಪ್ಪರುಗಳು ಕಚ್ಚಿ ಹಿಡಿಯುತ್ತವೆ. ಆ ಅಂಚಿನಲ್ಲಿ ಅಚ್ಚು ಬೀಳುವಂತಿಲ್ಲ, ಅದು ಗ್ರಿಪ್ಪರಿನ ಪಾಲು. ಒಂದು ಸಿಲಿಂಡರಿನ ಗ್ರಿಪ್ಪರು ಬಿಡುವ ಮೊದಲೇ ಮುಂದಿನ ಸಿಲಿಂಡರಿನ ಗ್ರಿಪ್ಪರು ಹಿಡಿದಾಗಿರಬೇಕು. ಕೂಸನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವಾಗ ಹೇಗೋ ಹಾಗೆ, ಒಂದು ಕ್ಷಣ ಇಬ್ಬರೂ ಹಿಡಿದಿರುತ್ತಾರೆ. ಆ ಒಂದು ಕ್ಷಣ ಹೆಚ್ಚುಕಡಿಮೆಯಾದರೆ ಮುಂದಿನ ಅಚ್ಚು ಕೂರಬೇಕಾದ ಜಾಗದಲ್ಲಿ ಕೂರುವುದಿಲ್ಲ. ಯಂತ್ರ ಮಾಡುವವನ ನಿದ್ದೆ ಕೆಡಿಸುವುದು ಈ ಕೈಬದಲಾವಣೆ. ನೀವು ಅದನ್ನು ಒಂದು ‘ಲ್ಪಡುತ್ತದೆ’ಯ ಕೆಳಗೆ ಹೂತುಬಿಟ್ಟಿರಿ.

ಎರಡನೆಯ ವಾಕ್ಯ ಇನ್ನೂ ಕೆಟ್ಟದ್ದು. ಹಿಮ್ಮುಖ ಎಂದರೆ ಬಂದ ದಾರಿಗೆ ಮುಖ ಮಾಡುವುದು. ಬಸ್ಸು ಹಿಮ್ಮುಖವಾಗಿ ಚಲಿಸಬಹುದು. ಹಾಳೆಗೆ ಆಗುವುದು ಅದಲ್ಲ. ಕೆಳಗಿನ ಮೈ ಮೇಲಾಗುವುದಕ್ಕೆ ನಮ್ಮ ಅಡುಗೆಮನೆಯಲ್ಲೇ ಮಾತಿದೆ: ಮಗುಚುವುದು. ದೋಸೆ ಮಗುಚಿ ಹಾಕುತ್ತಾರೆ, ಹಿಮ್ಮುಖಗೊಳಿಸುವುದಿಲ್ಲ.

ಮಗುಚುವುದರಲ್ಲೂ ಎರಡು ಬಗೆ ಇದೆ. ಪುಸ್ತಕದ ಪುಟ ತಿರುಗಿಸಿ ನೋಡಿ. ಎಡದ ಅಂಚು ಬಲಕ್ಕೆ ಹೋಗುತ್ತದೆ, ತಲೆ ತಲೆಯಾಗಿಯೇ ಉಳಿಯುತ್ತದೆ. ಈಗ ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿ. ಬುಡದ ಅಂಚನ್ನು ಹಿಡಿದು ಮೇಲಕ್ಕೆ ಎತ್ತುತ್ತೀರಿ, ಬುಡವೇ ತಲೆಯಾಗುತ್ತದೆ. ದೊಡ್ಡ ಆಫ್‌ಸೆಟ್ ಯಂತ್ರಗಳಲ್ಲಿ ಎರಡು ಘಟಕಗಳ ನಡುವೆ ಇರುವ ಮಗುಚುವ ಡ್ರಮ್ಮು ಮಾಡುವುದು ಈ ಎರಡನೆಯ ಬಗೆಯನ್ನು. ಮುಂದಿನ ಅಂಚು ಹಿಡಿದು ಬಂದ ಹಾಳೆ ಒಂದು ದೊಡ್ಡ ಡ್ರಮ್ಮಿನ ಮೇಲೆ ಮಲಗುತ್ತದೆ. ಗಾಳಿ ಎಳೆಯುವ ಸಣ್ಣ ರಬ್ಬರು ಬಟ್ಟಲುಗಳು ಅದರ ಹಿಂದಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತವೆ. ಮುಂದಿನ ಡ್ರಮ್ಮಿನ ಗ್ರಿಪ್ಪರು ಬಂದು ಆ ಹಿಂದಿನ ಅಂಚನ್ನೇ ಕಚ್ಚುತ್ತದೆ, ಮುಂದಿನ ಅಂಚಿನ ಹಿಡಿತ ಬಿಡುತ್ತದೆ. ಬಾಲವೇ ಮುಖವಾಗಿ ಹಾಳೆ ಎರಡನೆಯ ಘಟಕಕ್ಕೆ ಹೋಗುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಮೊದಲ ಮೈಯ ಅಳತೆ ಒಂದು ಅಂಚಿನಿಂದ, ಎರಡನೆಯ ಮೈಯ ಅಳತೆ ಎದುರಿನ ಅಂಚಿನಿಂದ. ಹಾಳೆಗಳ ಉದ್ದದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಹಿಂದುಮುಂದಿನ ಪುಟಗಳ ಹೊಂದಿಕೆಯಲ್ಲೂ ಒಂದು ಮಿಲಿಮೀಟರ್ ತಪ್ಪುತ್ತದೆ. ಆದ್ದರಿಂದ ಕಾಗದವನ್ನು ಮೊದಲೇ ಕಟಿಂಗ್ ಮೆಷಿನ್‌ಗೆ ಕೊಟ್ಟು ಮೂಲೆಮಟ್ಟ ಸರಿಯಾಗಿ ಕತ್ತರಿಸಿಕೊಳ್ಳಬೇಕು. ಗ್ರಿಪ್ಪರಿಗೆಂದು ಎರಡು ಅಂಚು ಬಿಡಬೇಕು, ಅಷ್ಟರಮಟ್ಟಿಗೆ ಅಚ್ಚಿನ ಜಾಗ ಕಡಿಮೆ. ಹಿಂಬದಿಯ ಪ್ಲೇಟನ್ನು ತಲೆ ಯಾವ ಕಡೆಗೆ ಎಂದು ನೋಡಿ ಮಾಡಬೇಕು. ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಕ್ರಿಯೆಗೆ ನೀವು ಕೊಟ್ಟದ್ದು ಮೂರು ಪದ.

ಇಷ್ಟಾದರೂ ಕ್ಷಮಿಸುತ್ತಿದ್ದೆ. ಹನ್ನೊಂದನೆಯ ಪುಟದ ನಿಮ್ಮ ನಕ್ಷೆಯನ್ನು ಎರಡನೆಯ ಸಲ ನೋಡಿದೆ. ಅದರಲ್ಲಿ ಮಗುಚುವ ಡ್ರಮ್ಮೇ ಇಲ್ಲ! ಎರಡನೆಯ ಘಟಕವೂ ಇಲ್ಲ. ರಬ್ಬರು ಹಾಸು ಹೊದ್ದ ಎರಡು ಬ್ಲಾಂಕೆಟ್ ಸಿಲಿಂಡರುಗಳು ಒಂದರ ಎದುರು ಒಂದು ನಿಂತಿವೆ, ಅವುಗಳ ಬೆನ್ನಿಗೆ ಒಂದೊಂದು ಪ್ಲೇಟ್ ಸಿಲಿಂಡರು. ಹಾಳೆ ನಡುವೆ ನುಗ್ಗಿದಾಗ ಎರಡೂ ಮೈ ಒಂದೇ ಕ್ಷಣದಲ್ಲಿ ಅಚ್ಚಾಗುತ್ತದೆ. ಪ್ರತಿಯೊಂದು ಬ್ಲಾಂಕೆಟ್ಟೂ ಇನ್ನೊಂದಕ್ಕೆ ಒತ್ತು ಕೊಡುತ್ತದೆ, ಹಾಗಾಗಿ ಒತ್ತುವ ಸಿಲಿಂಡರು ಬೇರೆ ಬೇಕಿಲ್ಲ. ಆರು ಸಿಲಿಂಡರು, ಅವುಗಳ ನಡುವೆ ಡ್ರಮ್ಮುಗಳು ಬೇಕಾಗುತ್ತಿದ್ದ ಕಡೆ ನಾಲ್ಕರಲ್ಲೇ ಕೆಲಸ ಮುಗಿಯಿತು. ನಿಮ್ಮ ಯಂತ್ರ ಪುಟ್ಟದಾದದ್ದೇ ಇದರಿಂದ. ಹಾಳೆಯನ್ನು ಮಗುಚುವ ಅಗತ್ಯವೇ ಇಲ್ಲದ ಯಂತ್ರವನ್ನು ಬಿಡಿಸಿ, ಅದರ ವಿವರಣೆಯಲ್ಲಿ ‘ಹಿಮ್ಮುಖಗೊಳಿಸಲಾಗುತ್ತದೆ’ ಎಂದು ಬರೆದಿರಿ! ಬೇರಾವುದೋ ಯಂತ್ರದ ವಿವರಣೆಯಿಂದ ಆ ಸಾಲುಗಳು ಬಂದು ಕುಳಿತಿವೆ ಎಂದು ನನ್ನ ಗುಮಾನಿ. ‘ಗ್ರಿಪ್ಪರು ಹಾಳೆಯ ಬಾಲವನ್ನು ಹಿಡಿಯುತ್ತದೆ’ ಎಂದು ಬರೆಯಲು ಹೊರಟಿದ್ದರೆ, ಯಾವ ಗ್ರಿಪ್ಪರು ಎಂದು ನಕ್ಷೆಯಲ್ಲಿ ಹುಡುಕುತ್ತಿದ್ದಿರಿ, ಸಿಗುತ್ತಿರಲಿಲ್ಲ, ತಪ್ಪು ಅಲ್ಲೇ ತಿಳಿಯುತ್ತಿತ್ತು. ಕರ್ತೃವಿಲ್ಲದ ವಾಕ್ಯದಲ್ಲಿ ಹುಡುಕಲು ಏನೂ ಇರುವುದಿಲ್ಲ.

ಈ ‘ಲಾಗಿದೆ’ಯ ಮೇಲೆ ನನಗೆ ಹಳೆಯ ಹಗೆ. 1984ರ ಮಳೆಗಾಲದಲ್ಲಿ, ಪದವಿ ಮುಗಿಸಿ ಬೇರೆ ಕೆಲಸ ಸಿಗದೆ, ಉಡುಪಿಯ ರಥಬೀದಿಯ ಹತ್ತಿರದ ಒಂದು ಪ್ರೆಸ್ಸಿಗೆ ಕರಡು ತಿದ್ದಲು ಸೇರಿದೆ. ಸೀಸದ ಅಕ್ಷರದ ಮೊಳೆ ಜೋಡಿಸುವ ಕಾಲ. ಹಾಳೆಯನ್ನು ಕೈಯಲ್ಲೇ ಒಂದೊಂದಾಗಿ ಕೊಡಬೇಕಾದ ಸಿಲಿಂಡರ್ ಮೆಷಿನ್ ಒಂದಿತ್ತು, ಒಂದು ಮೈಗೆ ಎಂಟು ಪುಟ. ಕರಡು ಇಲ್ಲದ ಹೊತ್ತಿನಲ್ಲಿ ಕಟ್ಟು ಹೊರುವುದು, ಹಾಳೆ ಎಣಿಸುವುದು ಎಲ್ಲವೂ ನನ್ನದೇ. ಒಂದು ಶಾಲೆಯ ಬೆಳ್ಳಿಹಬ್ಬದ ಸಂಚಿಕೆ, ಸಾವಿರ ಪ್ರತಿ. ಶನಿವಾರ ಒಂದು ಮೈ ಆಗಿತ್ತು. ಸೋಮವಾರ ಬೆಳಿಗ್ಗೆ ಕಟ್ಟನ್ನು ಮಗುಚಿ ಮೆಷಿನ್ನಿನ ಪಕ್ಕಕ್ಕೆ ಇಟ್ಟವನು ನಾನು. ಪುಟ ತಿರುಗಿಸಿದಂತೆ ತಿರುಗಿಸಬೇಕಿತ್ತು, ನಾನು ಕ್ಯಾಲೆಂಡರ್ ಎತ್ತಿದಂತೆ ಮಗುಚಿದ್ದೆ. ಮೊದಲ ಹಾಳೆಯನ್ನು ಮೆಷಿನ್‌ಮ್ಯಾನ್ ನನ್ನ ಕೈಗೇ ತಂದುಕೊಟ್ಟರು. ಕೊಂಬು, ಒತ್ತು, ಅರ್ಧಚಂದ್ರ ಎಲ್ಲ ನೋಡಿದೆ. ಒಂದೂ ತಪ್ಪಿರಲಿಲ್ಲ, ಸಹಿ ಹಾಕಿದೆ. ನಾನೂರ ಚಿಲ್ಲರೆ ಹಾಳೆ ಹೋದ ಮೇಲೆ ಬೈಂಡಿಂಗಿನ ಹೆಂಗಸು ಒಂದನ್ನು ಮಡಚಿ, ನಗುತ್ತಾ ಒಳಗೆ ಬಂದರು. ಮುಖ್ಯೋಪಾಧ್ಯಾಯರ ಸಂದೇಶದ ಹಿಂದೆ ಹಳೆ ವಿದ್ಯಾರ್ಥಿಗಳ ಪಟ್ಟಿ ತಲೆಕೆಳಗಾಗಿ ನಿಂತಿತ್ತು.

“ಮಡಚಿ ನೋಡಿದೆಯಾ ಮಾರಾಯ?” ಎಂದು ಮೆಷಿನ್‌ಮ್ಯಾನ್ ಕೇಳಿದ್ದು ಇಷ್ಟೇ. ನೋಡಿರಲಿಲ್ಲ.

ಧಣಿಗಳು ಬೈಯಲಿಲ್ಲ. ನಡೆದದ್ದನ್ನು ಬರೆದುಕೊಡು ಎಂದರು. ಪದವೀಧರನಲ್ಲವೇ, ನನ್ನ ಗಂಭೀರ ಕನ್ನಡದಲ್ಲಿ ಬರೆದೆ: ‘ಹಾಳೆಗಳನ್ನು ತಪ್ಪಾದ ರೀತಿಯಲ್ಲಿ ತಿರುಗಿಸಲಾಗಿದೆ.’ ಅವರು ಕನ್ನಡಕವನ್ನು ಹಣೆಗೇರಿಸಿ ಎರಡು ಸಲ ಓದಿದರು. “ಈ ಲಾಗಿದೆ ಎಂಬವನು ಯಾರು? ನಮ್ಮ ಸಂಬಳದ ಪುಸ್ತಕದಲ್ಲಿ ಆ ಹೆಸರಿಲ್ಲವಲ್ಲ” ಎಂದರು. ಕಾಗದ ವಾಪಸು ಕೊಟ್ಟರು. ‘ನಾನು ತಿರುಗಿಸಿದೆ’ ಎಂದು ಬರೆಯುವಾಗ ಪೆನ್ನು ಎಷ್ಟು ಭಾರವಾಗಿತ್ತು ಎಂದು ಈಗಲೂ ನೆನಪಿದೆ. ಹಾಳಾದ ಕಾಗದದ ಹಣವನ್ನು ಎರಡು ಕಂತಿನಲ್ಲಿ ಹಿಡಿದುಕೊಂಡರು, ಅದೂ ನೆನಪಿದೆ.

ಇರಲಿ. ನಿಮ್ಮ ಮೂರನೆಯ ವಾಕ್ಯವನ್ನು ಬಿಡುತ್ತೇನೆ, ಅದರಲ್ಲಿ ಏನೂ ಇಲ್ಲ. ನಾಲ್ಕನೆಯದು, ‘ಸಮಯ ಮತ್ತು ಶ್ರಮದ ಉಳಿತಾಯ.’ ಮಿಕ್ಸಿಯಿಂದಲೂ ಸಮಯ ಮತ್ತು ಶ್ರಮ ಉಳಿಯುತ್ತದೆ. ಈ ಯಂತ್ರ ನಮ್ಮ ಊರಿನ ಪ್ರೆಸ್ಸಿಗೆ ಏನು ಮಾಡುತ್ತದೆ? ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ಮೈ ಅಚ್ಚಾದ ಡೆಮಿ ಅಳತೆಯ ಹಾಳೆಯ ಕಟ್ಟನ್ನು ಎರಡು ದಿನ ಬಿಟ್ಟು ನೋಡಿ. ಕಾಗದ ಗಾಳಿಯ ತೇವ ಕುಡಿದು ಬೆಳೆದಿರುತ್ತದೆ, ನಾರು ಮಲಗಿದ ದಿಕ್ಕಿಗೆ ಅಡ್ಡಲಾಗಿ ಇನ್ನೂ ಹೆಚ್ಚು. ಅಂಚು ಅಲೆ ಅಲೆಯಾಗಿ ಹಪ್ಪಳದಂತೆ ಏಳುತ್ತದೆ, ಫೀಡರಿನಲ್ಲಿ ನೆಟ್ಟಗೆ ಕೂರುವುದಿಲ್ಲ. ಶನಿವಾರದ ಮೈಗೂ ಸೋಮವಾರದ ಮೈಗೂ ತಾಳೆ ಬೀಳುವುದಿಲ್ಲ. ಎರಡೂ ಮೈ ಒಂದೇ ಕ್ಷಣ ಒತ್ತುವ ಯಂತ್ರಕ್ಕೆ ಆ ಎರಡು ದಿನಗಳೇ ಇಲ್ಲ. ಮಂಗಳೂರು, ಉಡುಪಿಯಲ್ಲಿ ಇಂತಹ ಯಂತ್ರ ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ. ನಿಮ್ಮ ಹದಿನಾಲ್ಕು ಪುಟಗಳಲ್ಲಿ ಒಂದು ಹನಿ ಮಳೆ ಬಿದ್ದಿಲ್ಲ.

ಕಷ್ಟಗಳನ್ನೂ ಮುಚ್ಚಿಟ್ಟಿದ್ದೀರಿ. ಎರಡೂ ಮೈ ಹಸಿಯಾಗಿರುವ ಹಾಳೆಯನ್ನು ಎಲ್ಲಿ ಮುಟ್ಟಿ ಹೊರಗೆ ತರುತ್ತೀರಿ? ಶಾಯಿಗೆ ಅಂಟು ಇದೆ, ಹಾಳೆ ಯಾವುದಾದರೂ ಒಂದು ಬ್ಲಾಂಕೆಟ್ಟಿನ ಜೊತೆಗೇ ಸುತ್ತಿಹೋಗಲು ನೋಡುತ್ತದೆ. ಅದನ್ನು ಬಿಡಿಸುವವರು ಯಾರು? ಗ್ರಿಪ್ಪರು ಕೂರುವ ಸಂದು ಯಾವ ಸಿಲಿಂಡರಿನಲ್ಲಿದೆ? ಕಟ್ಟಿನಲ್ಲಿ ಒಂದರ ಶಾಯಿ ಇನ್ನೊಂದಕ್ಕೆ ಹತ್ತದಂತೆ ಪೌಡರು ಸಿಂಪಡಿಸುತ್ತೀರೋ? ಹದಿನೈದು ಇಂಚಿನ ಹಾಳೆ, ನಾಲ್ಕು ಇಂಚಿನ ಸಂದು, ಸುತ್ತಳತೆ ಹತ್ತೊಂಬತ್ತು, ಆದ್ದರಿಂದ ಸಿಲಿಂಡರಿನ ಅಡ್ಡಳತೆ ಸುಮಾರು ಆರು ಇಂಚು ಎಂದು ಎಷ್ಟು ಚೆಂದ ಲೆಕ್ಕ ಹಾಕಿದ್ದೀರಿ. ಅಂತಹ ಕೈ ಇಲ್ಲಿ ಯಾಕೆ ನಡುಗಿತು?

ಇನ್ನು ಪದಗಳು. ಶೀರ್ಷಿಕೆ: ‘ಸಾಂದ್ರ ದ್ವಿಪಾರ್ಶ್ವ ಹಾಳೆ-ಉಣಿಸು ಪರಿಪೂರ್ಣಕ ಮುದ್ರಣಯಂತ್ರ.’ ಸಾಂದ್ರ ಎಂದರೆ ದಟ್ಟ. ಕಾಯಿಹಾಲು ಸಾಂದ್ರವಾಗಿರಬಹುದು, ಯಂತ್ರ ಪುಟ್ಟದಾಗಿರುತ್ತದೆ. ‘ಪರಿಪೂರ್ಣಕ’ ಓದಿ ಎದೆ ಝಲ್ಲೆಂದಿತು. ಇಂಗ್ಲಿಷಿನ ಮುದ್ರಕರು ಇಂತಹ ಯಂತ್ರವನ್ನು ಪರ್ಫೆಕ್ಟಿಂಗ್ ಎಂದು ಕರೆಯುವುದು ಅದು ಕುಂದಿಲ್ಲದ್ದು ಎಂದಲ್ಲ. ಒಂದೇ ಮೈ ಅಚ್ಚಾದ ಹಾಳೆ ಅವರ ಲೆಕ್ಕದಲ್ಲಿ ಅರ್ಧ ಕೆಲಸ, ಹಿಂಬದಿಯೂ ಆದಾಗ ಅದು ಪೂರ್ತಿ, ಅಷ್ಟೇ. ‘ಕಂಬಳಿ ಸಿಲಿಂಡರ್’ ಎಂದೂ ಬರೆದಿದ್ದೀರಿ. ಮಂಗಳೂರಿನ ಹಂಪನಕಟ್ಟದಿಂದ ಮಣಿಪಾಲದವರೆಗೆ ಯಾವ ಪ್ರೆಸ್ಸಿಗಾದರೂ ಹೋಗಿ ‘ನಿಮ್ಮ ಕಂಬಳಿ ತೋರಿಸಿ’ ಎಂದು ಕೇಳಿ, ಚಹಾ ಕೊಟ್ಟು ಕಳುಹಿಸುತ್ತಾರೆ. ಅದು ರಬ್ಬರಿನ ಹಾಸು, ಅವರ ಬಾಯಲ್ಲಿ ಬ್ಲಾಂಕೆಟ್. ಹಾಗೇ ಬರೆಯಿರಿ.

ಆ ರಬ್ಬರಿನ ಕಥೆಯನ್ನೂ ನೀವು ಕೊಂದಿದ್ದೀರಿ. ‘1904ರಲ್ಲಿ ಆಫ್‌ಸೆಟ್ ತಂತ್ರಜ್ಞಾನವನ್ನು ಆವಿಷ್ಕರಿಸಲಾಯಿತು.’ ಮತ್ತೆ ಅದೇ ಲಾಯಿತು! ಅಮೆರಿಕದ ನ್ಯೂಜೆರ್ಸಿಯ ಐರಾ ರೂಬೆಲ್ ಎಂಬ ಮುದ್ರಕನ ಲಿಥೋ ಯಂತ್ರದಲ್ಲಿ ಒತ್ತುವ ಸಿಲಿಂಡರಿಗೆ ರಬ್ಬರು ಹೊದೆಸಿತ್ತು. ಹಾಳೆ ಕೊಡುವುದು ತಪ್ಪಿದಾಗಲೆಲ್ಲ ಅಚ್ಚು ರಬ್ಬರಿನ ಮೇಲೇ ಬೀಳುತ್ತಿತ್ತು, ಮುಂದಿನ ಹಾಳೆ ಹೋದಾಗ ಅದರ ಹಿಂಬದಿಗೂ ಅಂಟುತ್ತಿತ್ತು. ಕೆಟ್ಟುಹೋದ ಆ ಹಾಳೆಗಳನ್ನು ಆತ ಎತ್ತಿ ನೋಡಿದ. ರಬ್ಬರಿನಿಂದ ಬಿದ್ದ ಹಿಂಬದಿಯ ಅಚ್ಚು ಮುಂಬದಿಗಿಂತ ಸ್ಪಷ್ಟವಾಗಿತ್ತು. ಅಂದರೆ ನಿಮ್ಮ ವಿಷಯವಾದ ಎರಡೂ ಮೈಯ ಅಚ್ಚು, ಒಬ್ಬ ಮುದ್ರಕನ ಕೈತಪ್ಪಿನಲ್ಲಿ, ಆಫ್‌ಸೆಟ್ಟಿನ ಹುಟ್ಟಿನಲ್ಲೇ ಇದೆ. ಲೇಖನದ ಮೊದಲ ಸಾಲಾಗಬೇಕಾಗಿದ್ದುದನ್ನು ಅಂಕಿಯೊಂದರ ಹಿಂದೆ ಬಚ್ಚಿಟ್ಟಿರಿ. ಬದಲಿಗೆ ಗುಟೆನ್‌ಬರ್ಗ್‌ನಿಂದ ಹಿಡಿದು ಎರಡು ಪುಟ ಇತಿಹಾಸ. ಬಲ್ಮಠದ ಬಾಸೆಲ್ ಮಿಷನ್ ಪ್ರೆಸ್ಸು, 1843ರ ‘ಮಂಗಳೂರು ಸಮಾಚಾರ’ ಎಲ್ಲ ಬಂದಿವೆ, ಅದು ಕಲ್ಲಚ್ಚಿನಲ್ಲಿ, ಅಂದರೆ ಲಿಥೋದಲ್ಲಿ, ಬಂದ ಪತ್ರಿಕೆ ಎಂಬುದು ಮಾತ್ರ ಬಂದಿಲ್ಲ. ಕಲ್ಲಿನ ಮೇಲೆ ನೀರಿಗೂ ಜಿಡ್ಡಿಗೂ ಆಗದ ಹಗೆಯೇ ನಿಮ್ಮ ಪ್ಲೇಟಿನ ಮೇಲೂ ಕೆಲಸ ಮಾಡುವುದು. ನಂಟು ನಿಮ್ಮ ಕೈಯಲ್ಲೇ ಇತ್ತು. ಈಗ ಆ ಎರಡು ಪುಟ ತೆಗೆದುಹಾಕಿ.

ಪೂರ್ತಿ ಲೇಖನವನ್ನು ಮತ್ತೆ ಬರೆಯಬೇಡಿ. ಆರನೆಯ ಪುಟವೊಂದನ್ನು ಬರೆದು ಕಳುಹಿಸಿ. ಒಂದೇ ಹಾಳೆ, ಫೀಡರಿನಿಂದ ಹೊರಡಲಿ, ನಿಮ್ಮ ನಾಲ್ಕು ಸಿಲಿಂಡರುಗಳ ನಡುವೆ ಹಾದು ಕಟ್ಟಿಗೆ ಬಂದು ಬೀಳಲಿ. ಪ್ರತಿ ಹೆಜ್ಜೆಯಲ್ಲೂ ಅದನ್ನು ಯಾವುದು, ಯಾವ ಅಂಚಿನಲ್ಲಿ ಹಿಡಿದಿದೆ ಎಂದು ನನಗೆ ಕಾಣಬೇಕು. ಬರೆಯುವ ಮೊದಲು ಯಾವುದಾದರೂ ಪ್ರೆಸ್ಸಿನಲ್ಲಿ ಅರ್ಧ ದಿನ ನಿಂತು ಬನ್ನಿ, ಬಿಳಿ ಅಂಗಿ ಬೇಡ. ಈ ಸಂಚಿಕೆಯ ಕೊನೆಯ ಫಾರ್ಮ ಗುರುವಾರ ಅಚ್ಚಿಗೆ ಹೋಗುತ್ತದೆ, ಅದಕ್ಕಂತೂ ಆಗದು. ಮುಂದಿನದರಲ್ಲಿ ಮೂರು ಪುಟ ಖಾಲಿ ಇಟ್ಟಿದ್ದೇನೆ. ತಿಂಗಳ ಇಪ್ಪತ್ತರೊಳಗೆ ಬರದಿದ್ದರೆ ಅಲ್ಲಿಗೆ ಪತ್ರೊಡೆ ಮಾಡುವ ವಿಧಾನ ಹಾಕುತ್ತೇನೆ, ಅದು ಸಿದ್ಧವಿದೆ.

ಇತಿ,
ಸಂಪಾದಕ