ಪ್ರತಿಕ್ರಿಯೆ: ಡರ್ಖೈಮ್, ಮರ್ಟನ್ ಇಬ್ಬರಿಗೂ ಒಂದೇ ಉದಾಹರಣೆ ಏಕೆ ಸಲ್ಲದು?

ನಿಮ್ಮ ಉತ್ತರಕ್ಕೆ ಅಂಕ ಏಕೆ ಹೋಯಿತು ಎಂದು ಕೇಳಿದ್ದೀರಿ. ಸಮಾಜಶಾಸ್ತ್ರಜ್ಞರಾದ ಡರ್ಖೈಮ್, ಮರ್ಟನ್ ಇಬ್ಬರೂ ‘ಅನೋಮಿ’ (ಸಮಾಜದ ಕಟ್ಟುಪಾಡುಗಳು ಹಿಡಿತ ಕಳೆದುಕೊಳ್ಳುವ ಸ್ಥಿತಿ) ಎಂಬ ಒಂದೇ ಪದ ಬಳಸುವುದರಿಂದ ನೀವು ದಾವಣಗೆರೆಯ ಗಿರಣಿಗಳನ್ನೇ ಇಬ್ಬರಿಗೂ ಉದಾಹರಿಸಿದ್ದೀರಿ. ಅಂಕ ಹೋಗಿರುವುದು ಅಲ್ಲೇ ಇರಬೇಕು. ಉತ್ತರಪತ್ರಿಕೆ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಡರ್ಖೈಮ್ (1897) ಬರೆಯಿರಿ: ಗಿರಣಿಗಳು ಮುಚ್ಚಿ ಬದುಕಿನ ಲಯ ತಪ್ಪಿದಾಗ ಆಸೆಗಳಿಗೆ ಕಡಿವಾಣ ಹಾಕುವ ಕಟ್ಟುಪಾಡುಗಳೇ ಸಡಿಲವಾಗುತ್ತವೆ. ನಿಮ್ಮ ಉದಾಹರಣೆ ಇಲ್ಲಿಗೆ ಸಾಕು.

ಆಮೇಲೆ ಮರ್ಟನ್ (1938): ಗುರಿ ಎಲ್ಲರಿಗೂ ಒಂದೇ, ದಾರಿ ಎಲ್ಲರಿಗೂ ಇಲ್ಲ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದಿನಗೂಲಿ ಮಾಡುವ ಹುಡುಗನಿಗೂ ಜಾಹೀರಾತಿನ ಬೈಕೇ ಬೇಕು. ಅವನು ಅದನ್ನು ಕದ್ದರೆ ಮರ್ಟನ್ ಲೆಕ್ಕದಲ್ಲಿ ಅದು ‘ನಾವೀನ್ಯ’, ಅಂದರೆ ಗುರಿ ಒಪ್ಪಿ ಸಮಾಜ ಒಪ್ಪದ ದಾರಿ ಹಿಡಿಯುವುದು (ಕಳ್ಳತನಕ್ಕೆ ಎಂಥ ಹೆಸರು!).

ಅದೇ ಭಟ್ಟಿಯ ಉಳಿದವರೇಕೆ ಕದಿಯುವುದಿಲ್ಲ? ಅಲ್ಲಿಗೆ ಅಪರಾಧಶಾಸ್ತ್ರಜ್ಞ ಸದರ್‌ಲ್ಯಾಂಡ್ ಅವರನ್ನು ತನ್ನಿ: ಅಪರಾಧವನ್ನೂ ಜನ ಒಡನಾಟದಲ್ಲೇ ಕಲಿಯುತ್ತಾರೆ. ಕೊನೆಗೆ ಉಪಸಂಹಾರಕ್ಕೆ ಎರಡು ಸಾಲು ಸಾಕು.