ಪ್ರತಿಕ್ರಿಯೆ: ದಾವಣಗೆರೆ ಜಿಲ್ಲೆಯ ಅಂಗನವಾಡಿ ಲೆಕ್ಕ 2011ರ ಜನಗಣತಿಗೆ ತಾಳೆಯಾಗುತ್ತಿಲ್ಲ

ನಿಮ್ಮ ಅಂಗನವಾಡಿ ಪಟ್ಟಿ ಜನಗಣತಿಗೆ ತಾಳೆಯಾಗದಿರಲು ಬಹುಮಟ್ಟಿಗೆ ಕಾರಣ ಹರಪನಹಳ್ಳಿ ತಾಲ್ಲೂಕು. 2011ರ ಜನಗಣತಿಯಲ್ಲಿ ಜಿಲ್ಲೆಗೆ ಕೊಟ್ಟ 19,45,497 ಜನರಲ್ಲಿ ಆ ತಾಲ್ಲೂಕೂ ಸೇರಿದೆ. 2018ರಲ್ಲಿ ಅದು ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಹಾಗಾಗಿ ಜಿಲ್ಲೆಯ ಮೊತ್ತ ಬಿಟ್ಟು ತಾಲ್ಲೂಕುವಾರು ಹೋಗಿ. ಮೊದಲು 2011ರ ಜಿಲ್ಲಾ ಜನಗಣತಿ ಕೈಪಿಡಿಯ ಅಂಕಿಯಿಂದ ಹರಪನಹಳ್ಳಿಯನ್ನು ಕಳೆಯಿರಿ. ಆಮೇಲೆ ಈಗಿನ ಪಟ್ಟಿಯ ಹೊನ್ನಾಳಿ, ನ್ಯಾಮತಿ ಎರಡನ್ನೂ ಕೂಡಿಸಿ. 2011ರಲ್ಲಿ ನ್ಯಾಮತಿ ತಾಲ್ಲೂಕು ಇರಲಿಲ್ಲ, ಅದು ಹೊನ್ನಾಳಿಯೊಳಗೇ ಇತ್ತು. 1991ರ ಜನಗಣತಿಗೂ ಹೋಗುವುದಾದರೆ, ಜಿಲ್ಲೆ ಆದದ್ದೇ 1997ರಲ್ಲಿ: ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದ ಅಂಕಿಗಳಲ್ಲಿ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದ್ದರಲ್ಲಿ ಸಿಗುತ್ತವೆ.

ನಿಮ್ಮ ಕೋಷ್ಟಕ ನಾನು ನೋಡಿಲ್ಲ, ಆದರೆ ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಗೊಲ್ಲರಹಟ್ಟಿ, ತಾಂಡಾಗಳ ಕಡೆ ನೋಡಿ. ಅಂಗನವಾಡಿ ಪಟ್ಟಿಯಲ್ಲಿ ಹಟ್ಟಿಯ ಹೆಸರೇ ಇರುತ್ತದೆ. ಜನಗಣತಿಯಲ್ಲಿ ಅದೇ ಹಟ್ಟಿ ಅನೇಕ ಕಡೆ ಪಕ್ಕದ ಕಂದಾಯ ಗ್ರಾಮದೊಳಗೆ ಸೇರಿಹೋಗಿರುತ್ತದೆ. ಹೆಸರು ಸಿಗಲಿಲ್ಲವೆಂದು ಆ ಸಾಲು ಅಳಿಸಿಬಿಟ್ಟರೆ ನಿಮ್ಮ ಅಧ್ಯಯನಕ್ಕೆ ಎಲ್ಲರಿಗಿಂತ ಮುಖ್ಯವಾದ ಮಕ್ಕಳೇ ಬಿಟ್ಟುಹೋಗುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಪತ್ರ ಕೊಟ್ಟು, ಪ್ರತಿ ಅಂಗನವಾಡಿ ಯಾವ ಕಂದಾಯ ಗ್ರಾಮಕ್ಕೆ ಸೇರಿದೆ ಎಂಬ ಪಟ್ಟಿ ಕೇಳಿ. ಅದು ಕೈಗೆ ಬಂದ ಮೇಲೆ ಹೆಸರು ಬಿಟ್ಟು ಜನಗಣತಿಯ ಗ್ರಾಮ ಕೋಡ್ ಮೇಲೆ ಎರಡೂ ಪಟ್ಟಿಗಳನ್ನು ಜೋಡಿಸಿ.